ಒಣಗಿದ ಎಲುಬುಗಳ ಕಣಿವೆ ಮತ್ತು ಮರಳಿ ಏಳುವ ಕಲ್ಯಾಣ

ಬಸವಕಲ್ಯಾಣವನ್ನು ನಡುವೆ ಇಟ್ಟುಕೊಂಡು ನೋಡಿದರೆ ಪಶ್ಚಿಮಕ್ಕೆ ಉಮರಗಾ, ವಾಯವ್ಯಕ್ಕೆ ನಿಲಂಗಾ, ಉತ್ತರಕ್ಕೆ ಉದಗೀರ ಇವೆ. ರಾಜ್ಯದ ಗಡಿ ನಡುವೆ ಹಾದುಹೋಗಿದ್ದರೂ ಇವು ಕಲ್ಯಾಣದ ನೆರೆಯ ನೆಲಗಳೇ. ಅಳಿದ ಕಲ್ಯಾಣ ಮತ್ತೊಮ್ಮೆ ಏಳುವುದೆಂಬ ಭವಿಷ್ಯವಾಣಿ ನಮ್ಮ ಕಾಲಜ್ಞಾನ ಸಾಹಿತ್ಯದಲ್ಲಿದೆ. ಸತ್ತದ್ದು ಮರಳಿ ಬದುಕುವುದೆಂಬ ಇಂತಹುದೇ ವಾಣಿ ಕ್ರೈಸ್ತರ ಧರ್ಮಗ್ರಂಥದಲ್ಲಿಯೂ ಇದೆ. ಅಂತಹ ಮಾತುಗಳನ್ನು ಅಕ್ಷರಶಃ ನಂಬಬೇಕೇ, ಸಂಕೇತವೆಂದು ಗ್ರಹಿಸಬೇಕೇ ಎಂಬ ಪ್ರಶ್ನೆ ಗಡಿನಾಡಿನ ಕನ್ನಡಿಗರಾದ ನಮಗೆ ಬರಿಯ ಪಾಂಡಿತ್ಯದ ವಿಷಯವಲ್ಲ. ಆದಕಾರಣ ಎರಡನ್ನೂ ಜೊತೆಗಿಟ್ಟು ಓದಲು ಇಲ್ಲಿ ಯತ್ನಿಸಿದ್ದೇವೆ.

ಬೈಬಲ್ಲಿನ ಹಳೆಯ ಒಡಂಬಡಿಕೆಯ ಪ್ರವಾದಿಗಳಲ್ಲಿ ಯೆಹೆಜ್ಕೇಲನೂ ಒಬ್ಬ. ಯಾಜಕ ಮನೆತನದವನಾದ ಆತ ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಬಾಬಿಲೋನಿಗೆ ಸೆರೆಯಾಗಿ ಹೋದವರ ಜೊತೆಯಲ್ಲಿದ್ದನು. ಸುಮಾರು ಹತ್ತು ವರ್ಷಗಳ ತರುವಾಯ ಯೆರೂಸಲೇಮ್ ನಗರವೂ ಅಲ್ಲಿಯ ದೇವಾಲಯವೂ ನಾಶವಾದವು. ಆತನ ಗ್ರಂಥದ 37ನೆಯ ಅಧ್ಯಾಯದಲ್ಲಿ ಒಂದು ದರ್ಶನ ಬರುತ್ತದೆ. ಕಣಿವೆಯ ತುಂಬ ಎಲುಬುಗಳು ಚೆಲ್ಲಿವೆ. ಅವು ಬಹಳವಾಗಿ ಒಣಗಿವೆ. ದೇವರ ಅಪ್ಪಣೆಯಂತೆ ಪ್ರವಾದಿ ಮಾತನಾಡಿದಾಗ ಸದ್ದಾಗಿ ಎಲುಬಿಗೆ ಎಲುಬು ಕೂಡುತ್ತದೆ. ನರ, ಮಾಂಸ, ಚರ್ಮಗಳು ಆವರಿಸುತ್ತವೆ. ಆದರೂ ಅವುಗಳಲ್ಲಿ ಉಸಿರಿಲ್ಲ. ಎರಡನೆಯ ಸಲ ಕರೆದಾಗ ನಾಲ್ಕು ದಿಕ್ಕುಗಳಿಂದ ಗಾಳಿ ಬೀಸಿ, ಅವು ಜೀವಂತವಾಗಿ ಮಹಾಸೈನ್ಯದಂತೆ ಎದ್ದು ನಿಲ್ಲುತ್ತವೆ.

ಈ ದರ್ಶನದ ವಿಶೇಷವೆಂದರೆ ಅದರ ಅರ್ಥವನ್ನು ಗ್ರಂಥವೇ ಹೇಳಿಬಿಡುತ್ತದೆ. ಆ ಎಲುಬುಗಳು ಇಸ್ರಾಯೇಲ್ ಜನರೇ. ನಮ್ಮ ನಿರೀಕ್ಷೆ ಹಾಳಾಯಿತು, ನಾವು ಮುಗಿದೆವು ಎಂದು ಪರದೇಶದಲ್ಲಿ ಹಲುಬುತ್ತಿದ್ದ ಜನರಿಗೆ, ನೀವು ಮರಳಿ ಸ್ವದೇಶ ಸೇರುವಿರಿ ಎಂಬ ಭರವಸೆಯೇ ಅದರ ತಿರುಳು. ಎಂದರೆ ಮೂಲಸಂದರ್ಭದಲ್ಲಿ ಇದು ಒಂದು ಸಮುದಾಯದ ಪುನರುತ್ಥಾನ. ಬಾಬಿಲೋನನ್ನು ಗೆದ್ದ ಪಾರಸಿಕ ದೊರೆ ಕೋರೆಷನು ಕ್ರಿ.ಪೂ. 538ರ ಸುಮಾರಿಗೆ ಅವರಿಗೆ ಹಿಂದಿರುಗಲು ಅನುಮತಿ ನೀಡಿದನು. ಹೀಬ್ರೂ ಮೂಲದಲ್ಲಿ ಉಸಿರು, ಗಾಳಿ, ಆತ್ಮ ಮೂರಕ್ಕೂ ‘ರೂಅಹ್’ ಎಂಬ ಒಂದೇ ಪದವಿದೆ. ಪ್ರಾಣವನ್ನು ವಾಯುವೆಂದೇ ಬಗೆದ ನಮಗೆ ಈ ಶ್ಲೇಷೆ ಅಪರಿಚಿತವಲ್ಲ.

ಕಾಲಾಂತರದಲ್ಲಿ ಅರ್ಥ ಬೆಳೆಯಿತು. ಇದು ದೃಷ್ಟಾಂತವೆಂದವರೂ, ಎದ್ದವರು ಸ್ವದೇಶಕ್ಕೆ ಹೋಗಿ ಸಂಸಾರ ಹೂಡಿದರೆಂದವರೂ ಯೆಹೂದ್ಯರ ತಾಲ್ಮುದ್‌ನಲ್ಲಿ ಇದ್ದಾರೆ. ಇದು ಕೇವಲ ಇಸ್ರಾಯೇಲಿನ ಮರುಸ್ಥಾಪನೆಯ ರೂಪಕವೆಂದವರಿಗೆ ಮೂರನೆಯ ಶತಮಾನದ ಆರಂಭದಲ್ಲಿ ಕ್ರೈಸ್ತ ಲೇಖಕ ತೆರ್ತುಲ್ಯನನು ಉತ್ತರ ಬರೆದನು. ಉಪಮಾನವೇ ಸುಳ್ಳಾದರೆ ಉಪಮೇಯಕ್ಕೆ ಬಲವೆಲ್ಲಿಯದು ಎಂಬುದು ಆತನ ವಾದದ ಸಾರ. ಕ್ರಿಸ್ತನ ಪುನರುತ್ಥಾನವನ್ನು ನಂಬಿದವರಿಗೆ ದೇಹದ ಪುನರುತ್ಥಾನದ ಅರ್ಥವೇ ಸಹಜವಾಗಿ ಹಿರಿದಾಯಿತು. ಅದು ಅವರ ಶ್ರದ್ಧೆಯ ಅರ್ಥ. ಸೆರೆಯವರಿಗೆ ಹೇಳಿದ್ದು ಚರಿತ್ರೆಯ ಅರ್ಥ. ಒಂದು ಇನ್ನೊಂದನ್ನು ಅಳಿಸಬೇಕಾಗಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಹನ್ನೆರಡನೆಯ ಶತಮಾನದ ಕ್ರಾಂತಿಯ ತರುವಾಯ ಶರಣರು ಚದುರಿದರು. ಚೆನ್ನಬಸವಣ್ಣನವರು ಉಳವಿಯನ್ನು ಸೇರಿದರು. ಕಲ್ಯಾಣ ತನ್ನ ವೈಭವವನ್ನು ಕಳೆದುಕೊಂಡಿತು. ನಾಲ್ಕು ಶತಮಾನಗಳ ಬಳಿಕ ವಿರೂಪಾಕ್ಷ ಪಂಡಿತನು ರಚಿಸಿದ ‘ಚೆನ್ನಬಸವಪುರಾಣ’ದಲ್ಲಿ ಚೆನ್ನಬಸವಣ್ಣನವರು ಸಿದ್ಧರಾಮರಿಗೆ ಮುಂದಾಗುವುದನ್ನು ತಿಳಿಸುತ್ತಾರೆ. ವೀರವಸಂತರಾಯನು ಬರುವನು, ಕಲ್ಯಾಣ ಮತ್ತೆ ಕಟ್ಟಲ್ಪಡುವುದು ಎಂಬುದು ಆ ಕಾಲಜ್ಞಾನದ ಆಶಯ. ಕವಿಯ ಕಾಲಕ್ಕಾಗಲೇ ಆಗಿಹೋದ ಸಂಗತಿಗಳನ್ನೂ ಅದು ಭವಿಷ್ಯದಂತೆ ಹೇಳುತ್ತದೆ. ಆದುದರಿಂದ ಅದನ್ನು ಪಂಚಾಂಗದಂತೆ ಓದಲಾಗದು. ಚದುರಿದ ಸಮುದಾಯವೊಂದು ತನ್ನ ಹತಾಶೆಗೆ ಕೊಟ್ಟ ಉತ್ತರವೆಂದು ಓದಬೇಕು. ಯೆಹೆಜ್ಕೇಲನ ಕಣಿವೆಗೂ ಕಲ್ಯಾಣದ ಹಾಳಿಗೂ ಇರುವ ನಂಟು ಇದೇ.

ಈ ಎರಡು ಪರಂಪರೆಗಳು ಕನ್ನಡ ನಾಡಿನಲ್ಲಿ ಒಮ್ಮೆ ಮುಖಾಮುಖಿಯಾದುವು. 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಗಳಿಗೆ ಹಬ್ಬಿತು. ಅಲ್ಲಿ ಕಾಲಜ್ಞಾನವನ್ನು ನಂಬಿದ ಲಿಂಗಾಯತರ ಒಂದು ಗುಂಪು ಪಾದ್ರಿಗಳನ್ನು ಕಂಡು, ತಮ್ಮ ಗ್ರಂಥದ ಮಾತಿಗೂ ಇವರ ಬೋಧೆಗೂ ಹೋಲಿಕೆಯನ್ನು ಗುರುತಿಸಿತು. ಪಾದ್ರಿಗಳಲ್ಲಿ ದೊಡ್ಡ ಆಸೆ ಚಿಗುರಿತು. ಗದಗಿನ ಸೀಮೆಯ ಮಲ್ಲಸಮುದ್ರದಲ್ಲಿ ಅವರಿಗಾಗಿ ಒಂದು ಒಕ್ಕಲು ನೆಲೆಯನ್ನೇ ತೆರೆದರು. ಆದರೆ ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಒಬ್ಬರು ಬಸವಾದಿ ಶರಣರ ಮರಳುವಿಕೆಗೆ ಕಾದಿದ್ದರು, ಇನ್ನೊಬ್ಬರು ಕ್ರಿಸ್ತನ ರಾಜ್ಯಕ್ಕೆ. ಸಂಕೇತ ಹೋಲುತ್ತಿತ್ತು, ಸಂಕೇತಿಸಿದ್ದು ಬೇರೆಯಾಗಿತ್ತು. ಆದರೂ ಆ ಭೇಟಿ ನಿಷ್ಫಲವೆನ್ನಲಾಗದು. ಅದೇ ಮಿಷನ್ನಿನ ವುರ್ತ್ ಎಂಬವರು ಬಸವಪುರಾಣ, ಚೆನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ತಂದರು. 1860ರ ದಶಕದಲ್ಲಿ ಮುಂಬಯಿಯ ವಿದ್ವತ್ಪತ್ರಿಕೆಯಲ್ಲಿ ಅವು ಬೆಳಕು ಕಂಡವು.

ಈ ಚರಿತ್ರೆಯ ಬೆಳಕಿನಲ್ಲಿ ನಮ್ಮ ನೆಲವನ್ನು ನೋಡಿಕೊಳ್ಳೋಣ. ನಿಲಂಗಾ ಮತ್ತು ಉದಗೀರ 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದವು. ಉಮರಗಾ ಅದೇ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. ಆ ವರ್ಷದ ನವೆಂಬರ್ 1ರಂದು ಬೀದರಿನ ಕೆಲವು ತಾಲ್ಲೂಕುಗಳು ಮೈಸೂರಿಗೂ, ಈ ಮೂರು ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ ಸೇರಿದವು. 1960ರಲ್ಲಿ ಇವು ಮಹಾರಾಷ್ಟ್ರದವಾದವು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಕುಟುಂಬಗಳು ಇಂದಿಗೂ ಇಲ್ಲಿವೆ. ಇಲ್ಲಿಯ ಕನ್ನಡದ ಕಥೆ ಮುಗಿಯಿತು ಎನ್ನುವವರಿಗೂ, ಯಾವನೋ ವೀರವಸಂತರಾಯನು ಬಂದು ಉಳಿಸುವನೆಂದು ಕಾದಿರುವವರಿಗೂ ಎಲುಬುಗಳ ಕಣಿವೆ ಒಂದೇ ಪಾಠ ಹೇಳುತ್ತದೆ.

ಅಲ್ಲಿ ಜೀವ ಬಂದದ್ದು ಎರಡು ಹಂತಗಳಲ್ಲಿ. ಮೊದಲು ಅಂಗಾಂಗಗಳು ಕೂಡಿದವು. ಆದರೆ ಅಷ್ಟರಿಂದಲೇ ಜೀವ ಬರಲಿಲ್ಲ. ಸಂಘ, ಸಮ್ಮೇಳನ, ಶಾಲೆ, ಸ್ಮರಣ ಸಂಚಿಕೆ ಇವೆಲ್ಲ ಎಲುಬು ನರಗಳಿದ್ದಂತೆ. ಇವು ಬೇಕೇ ಬೇಕು. ಮಕ್ಕಳ ನಾಲಿಗೆಯ ಮೇಲಿನ ಕನ್ನಡವೇ ಉಸಿರು. ಆ ಉಸಿರು ನಾಲ್ಕು ದಿಕ್ಕುಗಳಿಂದಲೂ ಬಂತೆಂಬುದನ್ನು ನಾವು ಮರೆಯಬಾರದು. ಮರಾಠಿಯ ಸಂತವಾಣಿ, ದಖನಿಯ ಮಾತು, ತೆಲುಗಿನ ನೆರೆ ಯಾವುದೂ ಕನ್ನಡಕ್ಕೆ ಹೊರಗಿನ ಗಾಳಿಯಲ್ಲ. ಯೆಹೆಜ್ಕೇಲನ ಅದೇ ಅಧ್ಯಾಯದ ಉತ್ತರಾರ್ಧದಲ್ಲಿ, ಬೇರೆಬೇರೆಯಾಗಿದ್ದ ಎರಡು ಕೋಲುಗಳು ಪ್ರವಾದಿಯ ಕೈಯಲ್ಲಿ ಒಂದಾಗುತ್ತವೆ. ಗಡಿಗೆರೆಯನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲ, ಅದು ನಮ್ಮ ಹಂಬಲವೂ ಅಲ್ಲ. ಎರಡು ನುಡಿಗಳನ್ನು ಒಂದೇ ಕೈಯಲ್ಲಿ ಹಿಡಿಯುವುದು ಮಾತ್ರ ಈ ನೆಲದ ಪ್ರತಿಯೊಂದು ಮನೆಗೂ ಸಾಧ್ಯ. ಕಲ್ಯಾಣ ಮರಳಿ ಏಳುವುದೆಂಬ ವಾಣಿಗೆ ನಾವು ಕೊಡಬಹುದಾದ ಅರ್ಥ ಇದು.