ಸಂಬಳ ಬಾಕಿ ಇಟ್ಟ ತಂಡವನ್ನೇ ಕೊಂಡ ಆಟಗಾರ

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಸರಿ, ಶುರು ಮಾಡೋಣ.

2000ನೇ ಇಸವಿ, ಡಿಸೆಂಬರ್ 27. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರ. ಐಸ್ ಹಾಕಿ ಮ್ಯಾಚ್ ಶುರುವಾಗೋ ಮುಂಚೆ ಅರೇನಾದ ಸೂರಿನಿಂದ ಒಂದು ಬ್ಯಾನರ್ ನಿಧಾನಕ್ಕೆ ಕೆಳಗಿಳಿಯಿತು. ಅದರ ಮೇಲಿದ್ದ ನಂಬರ್ 66. ದೊಡ್ಡ ಆಟಗಾರ ನಿವೃತ್ತನಾದರೆ ಅವನ ನಂಬರನ್ನು ಬೇರೆ ಯಾರಿಗೂ ಕೊಡದೆ ಹೀಗೆ ಮೇಲೆ ತೂಗುಹಾಕ್ತಾರೆ. ಒಮ್ಮೆ ಮೇಲೇರಿದ್ದು ಸಾಮಾನ್ಯವಾಗಿ ಕೆಳಗೆ ಬರೋದಿಲ್ಲ. ಅವತ್ತು ಬಂತು. ಯಾಕಂದ್ರೆ ಆ ನಂಬರಿನ ಮಾರಿಯೊ ಲೆಮ್ಯೂ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ದೂರವಿದ್ದು, 35ನೇ ವಯಸ್ಸಿನಲ್ಲಿ ಮತ್ತೆ ಆಡೋಕೆ ಇಳಿದಿದ್ದ. ಅವನ ಆಟ ನೋಡೋಕೆ ನಾಲ್ಕು ವರ್ಷದ ಮಗನೂ ಬಂದಿದ್ದ.

ಆಟ ಶುರುವಾಗಿ 33 ಸೆಕೆಂಡಿಗೇ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಗೋಲು ಹೊಡೆಯಿತು, ಅದಕ್ಕೆ ಅಸಿಸ್ಟ್ ಲೆಮ್ಯೂದು. ಮುಗಿಯೋ ಹೊತ್ತಿಗೆ ಅವನ ಲೆಕ್ಕದಲ್ಲಿ ಒಂದು ಗೋಲು, ಎರಡು ಅಸಿಸ್ಟ್. ಟೊರೊಂಟೊ ವಿರುದ್ಧ 5-0 ಗೆಲುವು.

ಇಷ್ಟೇ ಆಗಿದ್ದರೆ ಇದೊಂದು ಒಳ್ಳೇ ಕಂಬ್ಯಾಕ್ ಕಥೆ ಅಷ್ಟೆ. ಆದರೆ ಅವತ್ತು ಅವನ ಜೊತೆ ಆಡುತ್ತಿದ್ದ ಪ್ರತಿಯೊಬ್ಬರಿಗೂ ಸಂಬಳ ಕೊಡುತ್ತಿದ್ದವನು ಅವನೇ. ಲೆಮ್ಯೂ ಆ ತಂಡದ ಮಾಲೀಕ. ಮಾಲೀಕ ಆಗಿದ್ದು ಹೇಗೆ ಅಂದ್ರೆ, ತಂಡ ಅವನಿಗೆ ಸಂಬಳ ಕೊಡಲಿಲ್ಲ, ಅದಕ್ಕೆ!

ಈ ಕಥೆ ನನಗೆ ಯಾಕೆ ಹಿಡಿಸ್ತು ಅಂತ ಮೊದಲೇ ಹೇಳಿಬಿಡ್ತೀನಿ. ಬಿ.ಕಾಂ. ಮುಗಿಸಿ ಸೇರಿದ ನನ್ನ ಮೊದಲ ಕಂಪನಿ ಬಾಗಿಲು ಹಾಕಿದಾಗ ನನಗೆ ಎರಡು ತಿಂಗಳ ಸಂಬಳ ಬರಬೇಕಿತ್ತು. ನಾಲ್ಕು ಸಲ ಫೋನ್ ಮಾಡಿದೆ, ಐದನೇ ಸಲ ನಂಬರ್ ಸ್ವಿಚ್ ಆಫ್. ಅಮ್ಮ "ಹೋಗ್ಲಿ ಬಿಡು, ಕೈ ತೊಳ್ಕೋ" ಅಂದ್ರು, ತೊಳ್ಕೊಂಡೆ. ಬಾಕಿ ಅನ್ನೋದು ಕಳೆದುಹೋದ ದುಡ್ಡು ಅಂತಲೇ ನಾನು ಅಂದುಕೊಂಡಿದ್ದೆ. ಲೆಮ್ಯೂ ಹಾಗೆ ಅಂದುಕೊಳ್ಳಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮಾರಿಯೊ ಹುಟ್ಟಿದ್ದು 1965ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ. ಮನೆಮಾತು ಫ್ರೆಂಚ್. ಆ ಭಾಷೆಯಲ್ಲಿ 'ಲ ಮ್ಯೂ' ಅಂದ್ರೆ 'ಅತ್ಯುತ್ತಮ' ಅಂತ. ಹೆಸರಿಗೆ ತಕ್ಕ ಹಾಗೆ 1983-84ರ ಜೂನಿಯರ್ ಲೀಗ್‌ನಲ್ಲಿ 70 ಪಂದ್ಯಗಳಲ್ಲಿ 133 ಗೋಲು ಹೊಡೆದ.

ಅದೇ ವರ್ಷ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಎನ್‌ಎಚ್‌ಎಲ್‌ನ 21 ತಂಡಗಳಲ್ಲಿ 21ನೇ ಸ್ಥಾನದಲ್ಲಿತ್ತು. ಅಲ್ಲಿನ ಪದ್ಧತಿ ನಮ್ಮ ಐಪಿಎಲ್ ಹರಾಜಿನ ಹಾಗಲ್ಲ. ಹೊಸ ಹುಡುಗರನ್ನು ಆರಿಸಿಕೊಳ್ಳುವ 'ಡ್ರಾಫ್ಟ್'ನಲ್ಲಿ ಆಗ ಕೊನೇ ಸ್ಥಾನದವರಿಗೇ ಮೊದಲ ಅವಕಾಶ. ಲೆಮ್ಯೂ ಸಿಗಲಿ ಅಂತ ಪೆಂಗ್ವಿನ್ಸ್ ಬೇಕಂತಲೇ ಸೋತರು ಅನ್ನೋ ಮಾತು ಇವತ್ತಿಗೂ ಇದೆ. ಅದೇನೇ ಇರಲಿ, ಅವನು ಸಿಕ್ಕ. ಡ್ರಾಫ್ಟ್ ದಿನ ತಂಡದ ಜರ್ಸಿ ಹಾಕಿಕೊಳ್ಳೋಕೆ ಒಪ್ಪಲಿಲ್ಲ. ಕಾರಣ, ಒಪ್ಪಂದದ ಮಾತುಕತೆ ಇನ್ನೂ ಕುದುರಿರಲಿಲ್ಲ. 18ನೇ ವಯಸ್ಸಿಗೇ ತನ್ನ ಬೆಲೆ ಅವನಿಗೆ ಗೊತ್ತಿತ್ತು ಅನ್ನೋದನ್ನ ನೆನಪಲ್ಲಿಟ್ಕೊಳ್ಳಿ.

ಅಕ್ಟೋಬರ್ 1984, ಬಾಸ್ಟನ್‌ನಲ್ಲಿ ಮೊದಲ ಪಂದ್ಯ. ರೇ ಬೋರ್ಕ್ ಅನ್ನೋ ಘಟಾನುಘಟಿ ಡಿಫೆಂಡರ್‌ನಿಂದ ಪಕ್ ಕಸಿದುಕೊಂಡು, ತನ್ನ ಮೊದಲ ಹೊಡೆತದಲ್ಲೇ ಗೋಲು! 1991 ಮತ್ತು 1992ರಲ್ಲಿ ಸಾಲಾಗಿ ಎರಡು ಸ್ಟಾನ್ಲಿ ಕಪ್ ಬಂದವು. ಮಧ್ಯೆ ಬೆನ್ನುನೋವು, ಆಪರೇಷನ್. ಬಗ್ಗಿ ಸ್ಕೇಟ್‌ನ ಲೇಸ್ ಕಟ್ಟಿಕೊಳ್ಳೋಕೂ ಆಗದೆ ಬೇರೆಯವರು ಕಟ್ಟುತ್ತಿದ್ದ ದಿನಗಳಿದ್ದವು.

1993ರ ಜನವರಿಯಲ್ಲಿ ಹಾಡ್ಜ್‌ಕಿನ್ಸ್ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು. ಮಾರ್ಚ್ 2ರಂದು ಕೊನೇ ರೇಡಿಯೇಷನ್ ಮುಗಿಸಿ, ಅದೇ ರಾತ್ರಿ ಫಿಲಡೆಲ್ಫಿಯಾಕ್ಕೆ ಹೋಗಿ ಆಡಿದ, ಗೋಲೂ ಹೊಡೆದ. ಫಿಲಡೆಲ್ಫಿಯಾ ಪೆಂಗ್ವಿನ್ಸ್‌ಗೆ ಬದ್ಧ ವೈರಿ ಊರು. ಅಲ್ಲಿನ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಷ್ಟೆಲ್ಲ ಪಂದ್ಯ ತಪ್ಪಿಸಿಕೊಂಡರೂ ಆ ಸೀಸನ್‌ನಲ್ಲಿ ಲೀಗ್‌ಗೇ ಅತಿ ಹೆಚ್ಚು, 160 ಪಾಯಿಂಟ್ ಅವನದ್ದೇ. 1997ರಲ್ಲಿ ನಿವೃತ್ತಿ.

ಇನ್ನು ದುಡ್ಡಿನ ವಿಷಯ. 1992ರಲ್ಲಿ ತಂಡ ಅವನ ಜೊತೆ 7 ವರ್ಷಕ್ಕೆ 4.2 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತ್ತು. ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಹಾಗಾಗಿ ಒಂದಷ್ಟು ಈಗ, ಉಳಿದಿದ್ದು ಆಮೇಲೆ ಅಂತ ಮುಂದೂಡುತ್ತಾ ಹೋದರು. ಲೆಕ್ಕದ ಭಾಷೆಯಲ್ಲಿ ಇದಕ್ಕೆ ಡಿಫರ್ಡ್ ಸ್ಯಾಲರಿ ಅಂತಾರೆ. ಆಟ ಇವತ್ತೇ ಸಿಗುತ್ತೆ, ಬಿಲ್ ನಾಳೆಗೆ. 1998ರ ಅಕ್ಟೋಬರ್‌ನಲ್ಲಿ ಆ ನಾಳೆ ಬಂದೇಬಿಟ್ಟಿತು. ತಂಡ ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿತು. 1975ರಲ್ಲೂ ಒಮ್ಮೆ ದಿವಾಳಿಯಾಗಿದ್ದ ತಂಡ ಅದು. ಈ ಸಲ ಲೆಮ್ಯೂಗೆ ಬರಬೇಕಿದ್ದ ಬಾಕಿ ಸುಮಾರು 3.25 ಕೋಟಿ ಡಾಲರ್.

ದಿವಾಳಿ ಅಂದ್ರೆ ಒಂದು ಕ್ಯೂ ಅಂದುಕೊಳ್ಳಿ. ಮುಂದೆ ನಿಲ್ಲೋರು ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವರು, ಅಂದ್ರೆ ಬ್ಯಾಂಕ್ ಥರದವರು. ಅವರ ಹಿಂದೆ ಅಡಮಾನ ಇಲ್ಲದೆ, ಬರೀ ಮಾತಿನ ಮೇಲೆ, ಕಾಗದದ ಮೇಲೆ ನಂಬಿದವರು. ಎಲ್ಲರಿಗಿಂತ ಹಿಂದೆ ಷೇರುದಾರರು, ಅವರಿಗೆ ಏನಾದರೂ ಉಳಿದರೆ ಉಂಟು. ಅಡಮಾನ ಇಲ್ಲದವರ ಸಾಲಿನಲ್ಲಿ ಅತಿ ದೊಡ್ಡ ಮೊತ್ತ ಲೆಮ್ಯೂದು. ತಂಡ ಮುಚ್ಚಿದರೆ ಅವನ ಪಾಲಿಗೆ ಬರೋದು ಚಿಲ್ಲರೆ. ಬೇರೆ ಊರಿನವರು ಕೊಂಡು ಸಾಗಿಸಿಕೊಂಡು ಹೋದರೆ ಊರಿಗೂ ತಂಡ ಇಲ್ಲ.

ಅವನು ಕೋರ್ಟಿನ ಮುಂದೆ ಇಟ್ಟ ಪ್ಲಾನ್ ಕೇಳಿ. ನನಗೆ ಬರಬೇಕಾದ್ದರಲ್ಲಿ ಸುಮಾರು 2 ಕೋಟಿ ಡಾಲರ್ ನಗದು ಬೇಡ, ಅದನ್ನ ತಂಡದ ಪಾಲಾಗಿ ಬದಲಾಯಿಸಿ. ಬೇರೆ ಹೂಡಿಕೆದಾರರನ್ನು ನಾನು ಕರ್ಕೊಂಡು ಬರ್ತೀನಿ, ತಂಡ ಪಿಟ್ಸ್‌ಬರ್ಗ್‌ನಲ್ಲೇ ಉಳೀಲಿ. ಅಂದ್ರೆ ಕ್ಯೂ ಮಧ್ಯದಲ್ಲಿದ್ದವನು ತಾನಾಗೇ ಹೋಗಿ ಕೊನೆಯಲ್ಲಿ ನಿಂತ! ಕ್ಲಾಸಲ್ಲಿ ಯಾರಾದರೂ ಹೀಗೆ ಉತ್ತರ ಬರೆದಿದ್ದರೆ ನಮ್ಮ ಮೇಷ್ಟ್ರು ಸೊನ್ನೆ ಹಾಕ್ತಿದ್ರು. ಆದರೆ ಅವನ ಲೆಕ್ಕ ಬೇರೆ. ಸತ್ತ ತಂಡದಲ್ಲಿ ಮಧ್ಯದ ಜಾಗಕ್ಕಿಂತ ಬದುಕಿದ ತಂಡದಲ್ಲಿ ಕೊನೇ ಜಾಗ ವಾಸಿ. 1999ರ ಜೂನ್‌ನಲ್ಲಿ ಕೋರ್ಟ್ ಒಪ್ಪಿತು, ಸೆಪ್ಟೆಂಬರ್‌ನಲ್ಲಿ ತಂಡ ಅವನ ಬಳಗದ ಕೈಗೆ ಬಂತು. ಹಳೇ ಸಾಲಗಳಲ್ಲಿ ಕೊಡಲೇಬೇಕಿದ್ದ ಅಸಲನ್ನು 2005ರ ಹೊತ್ತಿಗೆ ಅವರು ತೀರಿಸಿದ್ದರು.

ಈಗ ಮೊದಲ ದೃಶ್ಯಕ್ಕೆ ಬನ್ನಿ. ಲೆಮ್ಯೂ ಮತ್ತೆ ಐಸ್ ಮೇಲೆ ಇಳಿದಿದ್ದು ಪ್ರೀತಿಗೆ, ಮಗನಿಗೆ, ಹೌದು. ಜೊತೆಗೆ ಅವನು ಇಳಿದರೆ ಟಿಕೆಟ್ ಖರ್ಚಾಗುತ್ತೆ, ಟಿವಿಯವರು ಬರ್ತಾರೆ, ಅವನದ್ದೇ ಆಸ್ತಿಯ ಬೆಲೆ ಏರುತ್ತೆ. ಎರಡೂ ನಿಜ.

ಆದರೆ ಕುರ್ಚಿಯಲ್ಲಿ ಕೂತಾಗ ಐಸ್ ಮೇಲಿನ ಜಾದು ನಡೆಯಲ್ಲ. 2001ರ ಜುಲೈನಲ್ಲಿ, ಸತತ ನಾಲ್ಕು ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು ಪಾಯಿಂಟ್ ಗಳಿಸಿದ್ದ ಯಾರೊಮಿರ್ ಯಾಗರ್‌ನನ್ನು ವಾಷಿಂಗ್ಟನ್‌ಗೆ ಬಿಟ್ಟುಕೊಡಬೇಕಾಯಿತು. ಆ 33 ಸೆಕೆಂಡಿನ ಗೋಲು ಹೊಡೆದಿದ್ದು ಇದೇ ಯಾಗರ್. ಅವನ ಸಂಬಳ ಭರಿಸುವ ಶಕ್ತಿ ತಂಡಕ್ಕಿರಲಿಲ್ಲ. ಜೊತೆಗಾರನ ಪಾಸ್‌ಗೆ ಕಾಯುತ್ತಿದ್ದವನು ಈಗ ಅವನ ಸಂಬಳದ ಸಾಲಿನ ಮೇಲೆ ಗೆರೆ ಎಳೆಯಬೇಕು. 2003-04ರಲ್ಲಿ ತಂಡ ಮತ್ತೆ ಲೀಗ್‌ನ ತಳಕ್ಕೆ ಬಿತ್ತು, 1984ರ ಹಾಗೇ.

ಮುಂದಿನ ವರ್ಷ ಸಂಬಳದ ಮಿತಿಯ ಜಗಳದಲ್ಲಿ ಇಡೀ ಸೀಸನ್ನೇ ರದ್ದಾಯಿತು. ಕೊನೆಗೆ ಪ್ರತಿ ತಂಡಕ್ಕೂ ಸಂಬಳದ ಒಂದು ಗರಿಷ್ಠ ಮಿತಿ ಬಂತು, ಸಣ್ಣ ಊರಿನ ತಂಡಗಳು ಉಸಿರಾಡಿದವು. 2005ರ ಜುಲೈನಲ್ಲಿ ಡ್ರಾಫ್ಟ್ ಲಾಟರಿ. 48 ಚೆಂಡುಗಳಲ್ಲಿ ಪಿಟ್ಸ್‌ಬರ್ಗ್‌ನವು 3. ಅದೃಷ್ಟ ಅವರಿಗೇ ಒಲಿಯಿತು, ಸಿಡ್ನಿ ಕ್ರಾಸ್ಬಿ ಸಿಕ್ಕ. 18 ತುಂಬಿದ ಹುಡುಗ ಎಲ್ಲಿ ಉಳಿದ ಗೊತ್ತಾ? ಲೆಮ್ಯೂ ಮನೆಯಲ್ಲಿ, ಒಂದೆರಡು ತಿಂಗಳಲ್ಲ, ಹಲವು ವರ್ಷ. ಇಂಗ್ಲಿಷ್ ಸರಿಯಾಗಿ ಬಾರದ ಮಾರಿಯೊನನ್ನು 1984ರಲ್ಲಿ ಪಿಟ್ಸ್‌ಬರ್ಗ್‌ನ ಒಂದು ಕುಟುಂಬ ಹೀಗೇ ಮನೆಯಲ್ಲಿಟ್ಟುಕೊಂಡಿತ್ತು. ಆ ಋಣ ಹೀಗೆ ತೀರಿತು. 2006ರ ಜನವರಿಯಲ್ಲಿ ಹೃದಯ ಬಡಿತದ ತೊಂದರೆಯಿಂದ ಲೆಮ್ಯೂ ಆಟ ಪೂರ್ತಿ ನಿಲ್ಲಿಸಿದ. ಒಟ್ಟು 915 ಪಂದ್ಯ, 690 ಗೋಲು.

ಇಲ್ಲಿಗೆ ಮುಗಿಸಿದರೆ ಅವನು ದೇವರಾಗಿಬಿಡ್ತಾನೆ. ಮುಗಿಸಲ್ಲ. ತಂಡದ ಅರೇನಾ 1961ರದ್ದು. ಹೊಸದು ಬೇಕಿತ್ತು, ಸರ್ಕಾರ ಒಪ್ಪುತ್ತಿರಲಿಲ್ಲ. 2006ರಲ್ಲಿ ಬ್ಲ್ಯಾಕ್‌ಬೆರಿ ಕಂಪನಿಯ ಜಿಮ್ ಬಾಲ್ಸಿಲಿ ತಂಡ ಕೊಳ್ಳೋಕೆ ಬಂದು ಹಿಂದೆ ಸರಿದರು. ಆಮೇಲೆ ಲೆಮ್ಯೂ ಬಳಗ ಕಾನ್ಸಾಸ್ ಸಿಟಿಗೆ ಹೋಗಿ ಅಲ್ಲಿನ ಹೊಸ ಅರೇನಾ ನೋಡಿ ಬಂತು. ಪಿಟ್ಸ್‌ಬರ್ಗ್ ಜನರ ಎದೆ ಒಡೆದುಹೋಯಿತು. 2007ರ ಮಾರ್ಚ್‌ನಲ್ಲಿ ಒಪ್ಪಂದವಾಯಿತು. ತಂಡ, ರಾಜ್ಯ, ಕ್ಯಾಸಿನೊ ಮೂರೂ ಸೇರಿ ದುಡ್ಡು ಹಾಕೋದು, ತಂಡ 30 ವರ್ಷ ಊರು ಬಿಡಬಾರದು. ಊರು ಬಿಡೋ ಉದ್ದೇಶವೇ ಇರಲಿಲ್ಲ, ಒತ್ತಡ ಹಾಕೋಕೆ ಹಾಗೆ ಮಾಡಿದ್ದು ಅಂತ ಲೆಮ್ಯೂ ಆಮೇಲೆ ಒಪ್ಪಿಕೊಂಡ. ತನ್ನನ್ನು ಪ್ರೀತಿಸುವ ಊರಿಗೇ ಹೆದರಿಕೆ ಹುಟ್ಟಿಸಿದ್ದು ಸರಿನಾ? ಡ್ರಾಫ್ಟ್ ದಿನ ಜರ್ಸಿ ಹಾಕದ ಹುಡುಗನೇ ಇಲ್ಲೂ ಕೂತಿದ್ದ ಅನ್ಸುತ್ತೆ ನನಗೆ.

2009, 2016, 2017ರಲ್ಲಿ ಮಾಲೀಕನಾಗಿ ಮೂರು ಕಪ್. 2021ರ ಕೊನೆಗೆ ತಂಡದ ಬಹುಪಾಲು ಫೆನ್ವೇ ಸ್ಪೋರ್ಟ್ಸ್ ಗ್ರೂಪ್‌ಗೆ ಹೋಯಿತು. ಸುದ್ದಿಯಾದ ಬೆಲೆ ಸುಮಾರು 90 ಕೋಟಿ ಡಾಲರ್.

ನನ್ನ ಎರಡು ತಿಂಗಳ ಸಂಬಳಕ್ಕೆ ಆ ಕಂಪನಿಯನ್ನ ಕೊಂಡುಕೊಳ್ಳಬಹುದಿತ್ತು ಅಂತ ಹೇಳ್ತಿಲ್ಲ, ನಗಬೇಡಿ. ಅಲ್ಲಿ ಕೊಳ್ಳೋಕೆ ಎರಡು ಪ್ಲಾಸ್ಟಿಕ್ ಕುರ್ಚಿ ಬಿಟ್ಟರೆ ಏನೂ ಇರಲಿಲ್ಲ. ಲೆಮ್ಯೂ ಬಾಕಿಗೆ ಬೆಲೆ ಬಂದಿದ್ದು, ಅದರ ಹಿಂದೆ ಜನ ನಂಬುವ ಒಂದು ಹೆಸರಿತ್ತು, ಆ ಹೆಸರನ್ನ ಅವನು ಪಣಕ್ಕಿಟ್ಟ ಅನ್ನೋ ಕಾರಣಕ್ಕೆ. ಆದರೂ ಒಂದು ಮಾತು. ನಿಮಗೆ ಯಾರಾದರೂ "ಆಮೇಲೆ ಕೊಡ್ತೀನಿ" ಅಂದ್ರೆ ಕಾಗದದಲ್ಲಿ ಬರೆಸಿಕೊಳ್ಳಿ. ಅವನ ಹತ್ತಿರ ಆ ಕಾಗದ ಇತ್ತು, ನನ್ನ ಹತ್ತಿರ ಇರಲಿಲ್ಲ.

ಮುಂದಿನ ವಾರ ಸಿಗೋಣ.