ಒಂದೇ ಕಟ್ಟಿನಲ್ಲಿ ಹಲವು ಫೈಲು

ಅರ್ಜಿಯೊಡನೆ ದಾಖಲೆಗಳನ್ನು ಲಗತ್ತಿಸುವುದು ಹೊಸ ಸಂಗತಿಯೇನೂ ಅಲ್ಲ. ಅಂಕಪಟ್ಟಿ, ಜನನಪತ್ರ, ಭಾವಚಿತ್ರ ಇವೆಲ್ಲಕ್ಕೂ ಒಂದು ಗುಂಡುಸೂಜಿ ಚುಚ್ಚಿ ಕಚೇರಿಯ ಕಿಟಕಿಯೊಳಗೆ ನೀಡಿದರೆ ಕೆಲಸ ಮುಗಿಯಿತು. ಈಗ ಆ ಕಿಟಕಿ ಕಂಪ್ಯೂಟರಿನ ತೆರೆಯ ಮೇಲೆ ಬಂದಿದೆ. ಆದರೆ ಗುಂಡುಸೂಜಿಯ ಈ ಸಣ್ಣ ಕೆಲಸವನ್ನು ಕಲಿಯುವುದಕ್ಕೆ ಜಾಲಪುಟಗಳಿಗೆ ಸುಮಾರು ಹದಿನೈದು ವರ್ಷ ಹಿಡಿಯಿತೆಂದರೆ ಯಾರಿಗಾದರೂ ಆಶ್ಚರ್ಯವಾದೀತು. ಪಾಠ ಬರೆದವರು ಇರಲಿಲ್ಲವೆಂದಲ್ಲ. ಪಾಠ ಮೊದಲೇ ಸಿದ್ಧವಾಗಿತ್ತು.

ಜಿನೀವಾದ ಬಳಿಯಿರುವ ಸರ್ನ್ ಸಂಶೋಧನ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ 1990ರಲ್ಲಿ ರಚಿಸಿದ ಮೊದಲ ಬ್ರೌಸರು ಪುಟಗಳನ್ನು ಓದುವುದಕ್ಕೂ ತಿದ್ದುವುದಕ್ಕೂ ಒದಗುತ್ತಿತ್ತು. ಮುಂದೆ ಜನಪ್ರಿಯವಾದ ಬ್ರೌಸರುಗಳು ಓದುವ ಕಡೆಗೇ ವಾಲಿದವು. ಓದುಗನು ಮರುಮಾತು ಹೇಳಬೇಕಾದರೆ ಫಾರಮಿನ ಚೌಕಗಳಲ್ಲಿ ನಾಲ್ಕು ಅಕ್ಷರ ತುಂಬಬಹುದಿತ್ತು; ತನ್ನಲ್ಲಿದ್ದ ಒಂದು ಚಿತ್ರವನ್ನೋ ಲೇಖನವನ್ನೋ ಇಡಿಯಾಗಿ ಒಪ್ಪಿಸುವ ದಾರಿ ಅಲ್ಲಿರಲಿಲ್ಲ.

ಆ ದಾರಿಯನ್ನು ತೋರಿಸಿದವರು ಅಮೆರಿಕದ ಜೆರಾಕ್ಸ್ ಸಂಸ್ಥೆಯ ಅರ್ನೆಸ್ಟೊ ನೆಬೆಲ್ ಮತ್ತು ಲ್ಯಾರಿ ಮ್ಯಾಸಿಂಟರ್. 1995ರ ನವೆಂಬರಿನಲ್ಲಿ ಅವರು ಪ್ರಕಟಿಸಿದ ಪತ್ರಕ್ಕೆ ಆರ್‌ಎಫ್‌ಸಿ 1867 ಎಂದು ಅಂಕಿತ. ಅದೇ ತಿಂಗಳು ಹೊರಬಂದ 1866ನೆಯ ಪತ್ರದಲ್ಲಿ ಜಾಲಪುಟದ ಭಾಷೆಯಾದ ಎಚ್‌ಟಿಎಂಎಲ್‌ನ ನಿಯಮಗಳಿದ್ದವು. ಅದರ ಬೆನ್ನಿಗೇ ಬಂದ ಈ ಪತ್ರ ಫಾರಮಿಗೆ ಫೈಲನ್ನು ಲಗತ್ತಿಸುವ ಕ್ರಮವನ್ನು ಹೇಳಿತು.

ಈ ಕ್ರಮವನ್ನು ಅವರು ಅಂಚೆಯಿಂದ ಕಲಿತರೆನ್ನಬಹುದು. ಮಿಂಚಂಚೆಯಲ್ಲಿ ಚಿತ್ರ, ಧ್ವನಿಗಳನ್ನು ಸೇರಿಸಿ ಕಳಿಸುವ ಮೈಮ್ ಎಂಬ ಪದ್ಧತಿಯನ್ನು ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ 1992ರಲ್ಲಿಯೇ ರೂಪಿಸಿದ್ದರು. ಅದರ ಉಪಾಯ ಸರಳವಾದುದು. ಕಳಿಸುವ ಯಂತ್ರ, ಒಳಗಿನ ಯಾವ ಫೈಲಿನಲ್ಲಿಯೂ ಬಾರದ ಒಂದು ಅಕ್ಷರಸಾಲನ್ನು ಗಡಿಗೆರೆಯಾಗಿ ಆರಿಸಿಕೊಳ್ಳುತ್ತದೆ. ಎರಡು ಗೆರೆಗಳ ನಡುವೆ ಇರುವುದೇ ಒಂದು ಭಾಗ. ಅದರ ನೆತ್ತಿಯ ಮೇಲೆ ಚೌಕದ ಹೆಸರು, ಫೈಲಿನ ಹೆಸರು. ಹೀಗೆ ಎಷ್ಟು ಭಾಗಗಳನ್ನಾದರೂ ಒಂದೇ ಕಟ್ಟಿನಲ್ಲಿ ಸಾಗಿಸಬಹುದು. 1867ನೆಯ ಪತ್ರದ ಉದಾಹರಣೆಗಳಲ್ಲಿ ಒಂದರಲ್ಲಿ ಬರಹದ ಫೈಲು, ಚಿತ್ರದ ಫೈಲು ಎರಡೂ ಒಂದೇ ಚೌಕದಿಂದ ಹೊರಡುತ್ತವೆ!

ಇಷ್ಟಿದ್ದೂ ಆದದ್ದೇನು? ಹೆಚ್ಚಿನ ಬ್ರೌಸರುಗಳು ಒಂದು ಚೌಕಕ್ಕೆ ಒಂದೇ ಫೈಲು ಎಂಬ ಅರ್ಧಪಾಠವನ್ನು ಹಿಡಿದುಕೊಂಡವು. ಹತ್ತು ಚಿತ್ರ ಕಳಿಸಬೇಕಾದವನು ಹತ್ತು ಚೌಕಗಳ ಮುಂದೆ ಹತ್ತು ಸಲ ಗುಂಡಿ ಒತ್ತಬೇಕಾಯಿತು. ಯಂತ್ರ ಮಾಡಬಹುದಾಗಿದ್ದ ಎಣಿಕೆಯ ಕೆಲಸ ಮನುಷ್ಯನ ಬೆರಳಿಗೆ ಬಂದಿತು. 2005ರಲ್ಲಿ ಬಂದ ಫ್ಲ್ಯಾಶ್ 8 ಹಲವು ಫೈಲುಗಳನ್ನು ಒಟ್ಟಿಗೆ ಆರಿಸುವ ಸೌಕರ್ಯ ಕೊಟ್ಟಿತು. ಆದರೆ ಅದು ಹೊರಗಿನಿಂದ ತಂದು ಜೋಡಿಸಿದ ಊರುಗೋಲು. ಫ್ಲ್ಯಾಶ್‌ಗೆ ಅದರ ಒಡೆಯರ ಬೆಂಬಲವೇ 2020ರ ಡಿಸೆಂಬರಿನ ಕೊನೆಗೆ ನಿಂತುಹೋಯಿತು. ಬ್ರೌಸರಿನ ಸ್ವಂತ ಕಾಲಿಗೆ ಬಲ ಬಂದದ್ದು ‘ಮಲ್ಟಿಪಲ್’ ಎಂಬ ಒಂದೇ ಪದದಿಂದ. ಫೈರ್‌ಫಾಕ್ಸ್ 2010ರ ಜನವರಿಯ ಆವೃತ್ತಿಯಲ್ಲಿ ಅದನ್ನು ಒಪ್ಪಿತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಒಪ್ಪಿದ್ದು 2012ರಲ್ಲಿ. 2014ರ ಅಕ್ಟೋಬರಿನಲ್ಲಿ ಎಚ್‌ಟಿಎಂಎಲ್ 5 ಅಧಿಕೃತವಾದಾಗ ಈ ಪದವೂ ಅದರೊಳಗಿತ್ತು.

ಆದರೆ ಕಳಿಸುವವನ ಕಡೆ ಬಾಗಿಲು ಅಗಲವಾದರೆ ಸಾಲದು. ತೆಗೆದುಕೊಳ್ಳುವವನ ಕಡೆಯೂ ಆಗಬೇಕು. ಸರ್ವರುಗಳಲ್ಲಿ ಬಹು ಬಳಕೆಯಲ್ಲಿರುವ ಪಿಎಚ್‌ಪಿ ಭಾಷೆಯಲ್ಲಿ ಚೌಕದ ಹೆಸರಿನ ಮುಂದೆ ಒಂದು ಜೊತೆ ಚೌಕಾವರಣ ಹಾಕಬೇಕು. ಮರೆತರೆ ಒಂದೇ ಹೆಸರಿನಲ್ಲಿ ಬಂದ ಫೈಲುಗಳಲ್ಲಿ ಕೊನೆಯದು ಮಾತ್ರ ಉಳಿಯುತ್ತದೆ. ಇನ್ನೊಂದು ಕಡೆ, ಯಾರಾದರೂ ಅಸಂಖ್ಯ ಫೈಲುಗಳನ್ನು ಸುರಿದು ಯಂತ್ರವನ್ನು ಉಸಿರುಗಟ್ಟಿಸಬಾರದೆಂದು 2009ರಲ್ಲಿ ಅದೇ ಭಾಷೆ ಒಂದು ಸಲಕ್ಕೆ 20 ಫೈಲು ಎಂಬ ಮಿತಿಯನ್ನು ಹಾಕಿತು. ಸರ್ವರಿನ ಒಡೆಯ ಅದನ್ನು ಬದಲಿಸದಿದ್ದರೆ 21ನೆಯ ಫೈಲಿಗೆ ಒಳಗೆ ಜಾಗವಿಲ್ಲ. ಮಿತಿ ನ್ಯಾಯವಾದದ್ದೇ. ಆದರೆ ಅದನ್ನು ಅರ್ಜಿದಾರನಿಗೆ ಮೊದಲೇ ತಿಳಿಸದಿದ್ದರೆ, ಎಲ್ಲವೂ ತಲುಪಿತೆಂದು ನಂಬಿ ಎದ್ದುಹೋದವನ ಗತಿಯೇನು? ಕಿಟಕಿಯ ಗುಮಾಸ್ತನಾದರೆ ಹಾಳೆ ಎಣಿಸಿ, ‘ಇನ್ನೊಂದು ಎಲ್ಲಿ?’ ಎಂದು ಕೇಳುತ್ತಿದ್ದ.

2015ರ ಜುಲೈಯಲ್ಲಿ ಅದೇ ಮ್ಯಾಸಿಂಟರ್ ಮಹನೀಯರು ಆರ್‌ಎಫ್‌ಸಿ 7578 ಎಂಬ ಪತ್ರದಲ್ಲಿ ತಮ್ಮ ಹಳೆಯ ನಿಯಮವನ್ನು ತಿದ್ದಿದರು. ಕಟ್ಟಿನೊಳಗೆ ಇನ್ನೊಂದು ಕಟ್ಟು ಬೇಡ. ಪ್ರತಿ ಫೈಲೂ ಒಂದೇ ಹೆಸರಿನಡಿ ತನ್ನದೇ ಭಾಗವಾಗಿ ಬರಲಿ ಎಂಬುದು ಹೊಸ ಮಾತು. ಇಪ್ಪತ್ತು ವರ್ಷದ ಬಳಕೆ ಕಲಿಸಿದ ವಿವೇಕವದು. ಇಂದು ಒಂದು ಜಾಲಪುಟಕ್ಕೆ ಈ ಸೌಕರ್ಯವನ್ನು ಸೇರಿಸುವವನಿಗೆ ಬೇಕಾದ ಪದ ಒಂದೇ. ಬಂದ ಫೈಲುಗಳನ್ನು ಎಣಿಸಿ, ‘ಇಷ್ಟು ತಲುಪಿದವು, ಇಷ್ಟು ತಲುಪಲಿಲ್ಲ’ ಎಂದು ಕಳಿಸಿದವನಿಗೆ ಹೇಳುವ ಮಾತು ಮಾತ್ರ ಆ ಪದದಲ್ಲಿ ಅಡಕವಾಗಿಲ್ಲ. ಅದನ್ನು ಪುಟ ಕಟ್ಟುವವನೇ ಬರೆಯಬೇಕು.