ನಿಗಡಿಯ ಆಕಾಶಕ್ಕೆ ಎಳೆದ ಗೆರೆಗಳು

ಪುಣೆಯ ಪಕ್ಕದ ಪಿಂಪ್ರಿ-ಚಿಂಚವಾಡದ ಅಂಚಿನಲ್ಲಿರುವ ನಿಗಡಿಯಲ್ಲಿ ‘ರೆಡ್ ಝೋನ್’ ಎಂಬ ಮಾತು ಡ್ರೋನ್‌ಗಿಂತ ಹಳೆಯದು. ದೇಹು ರೋಡಿನಲ್ಲಿರುವ ಸೇನೆಯ ಮದ್ದುಗುಂಡು ಡಿಪೊದ ಸುತ್ತ 2,000 ಗಜ, ಅಂದರೆ ಸುಮಾರು 1.8 ಕಿಲೋಮೀಟರ್ ದೂರದೊಳಗೆ ಮನೆ ಕಟ್ಟುವಂತಿಲ್ಲ ಎಂಬ ನಿರ್ಬಂಧದ ಹೆಸರು ಅದು. ಅದರ ಬೇರು ಇರುವುದು 1903ರ ಕಾಯ್ದೆಯೊಂದರಲ್ಲಿ. ನಿರ್ಬಂಧವಿದ್ದರೂ ಗೆರೆಯೊಳಗೆ ಮನೆಗಳು ಎದ್ದವು. ಆ ಮನೆಗಳನ್ನು ಏನು ಮಾಡಬೇಕು ಎನ್ನುವ ಜಗಳ ಇನ್ನೂ ಮುಗಿದಿಲ್ಲ.

ಕಳೆದ ಹತ್ತು-ಹನ್ನೊಂದು ವರ್ಷಗಳಲ್ಲಿ ಇದೇ ಊರಿನ ತಲೆಯ ಮೇಲೆ ಇನ್ನೊಂದು ಬಗೆಯ ಗೆರೆಗಳು ಬಂದಿವೆ. ಅವು ಡ್ರೋನ್ ನಿಯಮಗಳ ಗೆರೆಗಳು. ಅವನ್ನು ಎಳೆದು, ಅಳಿಸಿ, ಮತ್ತೆ ಎಳೆದ ಕಥೆಯನ್ನು ನೋಡಿದರೆ, ಈಗ ಮುಂದಿರುವ ಕರಡು ಮಸೂದೆಯಿಂದ ಯಾರಿಗೆ ಏನಾಗಬಹುದು ಎಂಬುದು ತಿಳಿಯುತ್ತದೆ.

ಕಥೆ ಶುರುವಾಗುವುದು ನಿಷೇಧದಿಂದ. 2014ರ ಅಕ್ಟೋಬರ್ 7ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಒಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿತು. ನಿಯಮಗಳು ಸಿದ್ಧವಾಗುವ ತನಕ ಯಾವ ಖಾಸಗಿ ವ್ಯಕ್ತಿಯೂ ಸಂಸ್ಥೆಯೂ ಚಾಲಕರಹಿತ ವಿಮಾನ ಹಾರಿಸುವಂತಿಲ್ಲ ಎಂದಿತು. ನಿಯಮ ಬರಲು ನಾಲ್ಕು ವರ್ಷ ಹಿಡಿಯಿತು. ಆದರೆ ಆ ನಾಲ್ಕು ವರ್ಷ ಡ್ರೋನ್‌ಗಳು ಕಾದು ಕೂರಲಿಲ್ಲ. ಅಂಗಡಿಗಳಲ್ಲಿ ಸಿಕ್ಕವು, ಮದುವೆಯ ವಿಡಿಯೊಗಳಲ್ಲಿ ಕಾಣಿಸಿಕೊಂಡವು. ಸರ್ಕಾರದ ಪುಸ್ತಕದಲ್ಲಿ ಮಾತ್ರ ಅವು ಇರಲಿಲ್ಲ.

2018ರ ಆಗಸ್ಟ್‌ನಲ್ಲಿ ಪ್ರಕಟವಾಗಿ ಡಿಸೆಂಬರ್ 1ರಿಂದ ಜಾರಿಗೆ ಬಂದ ಮೊದಲ ನಿಯಮಾವಳಿ ಯಂತ್ರಗಳನ್ನು ತಕ್ಕಡಿಗೆ ಹಾಕಿತು. 250 ಗ್ರಾಂವರೆಗೆ ನ್ಯಾನೊ, 2 ಕಿಲೋವರೆಗೆ ಮೈಕ್ರೊ, 25 ಕಿಲೋವರೆಗೆ ಸಣ್ಣದು, ಹೀಗೆ. ‘ಅನುಮತಿ ಇಲ್ಲದಿದ್ದರೆ ಹಾರಾಟವಿಲ್ಲ’ ಎಂಬ ತತ್ವವನ್ನು ಯಂತ್ರದ ಸಾಫ್ಟ್‌ವೇರಿನೊಳಗೇ ಕೂರಿಸಬೇಕಿತ್ತು. ಸೇನಾ ನೆಲೆಗಳ ಸುತ್ತ 3 ಕಿಲೋಮೀಟರ್ ಒಳಗೆ ಅಲ್ಲಿನ ಸೇನಾಧಿಕಾರಿಗಳ ಒಪ್ಪಿಗೆ ಬೇಕಿತ್ತು. ದೇಹು ರೋಡ್ ಕಂಟೋನ್ಮೆಂಟಿಗೆ ಅಂಟಿಕೊಂಡಿರುವ ನಿಗಡಿಗೆ ಇದರ ಅರ್ಥ ಸ್ಪಷ್ಟ: ನೆಲದ ಗೆರೆಗಿಂತ ಆಕಾಶದ ಗೆರೆ ಇನ್ನೂ ಅಗಲವಾಯಿತು.

ಪಾಲಿಸಲಾಗದ ನಿಯಮದ ಫಲ ಸರ್ಕಾರಕ್ಕೇ ಕಂಡಿತು. 2020ರ ಜನವರಿಯಲ್ಲಿ ವಿಮಾನಯಾನ ಸಚಿವಾಲಯ, ನಿಯಮಕ್ಕೆ ಒಳಪಡದ ಡ್ರೋನ್ ಇಟ್ಟುಕೊಂಡವರು ತಿಂಗಳ ಕೊನೆಯೊಳಗೆ ತಾವಾಗಿಯೇ ಬಂದು ಹೇಳಿಕೊಳ್ಳಿ ಎಂದು ಕರೆ ಕೊಡಬೇಕಾಯಿತು. ದೇಶದಲ್ಲಿ ಎಷ್ಟು ಡ್ರೋನ್ ಇವೆ, ಯಾರ ಕೈಯಲ್ಲಿವೆ ಎಂಬುದನ್ನು ಮಾಲೀಕರನ್ನೇ ಕೇಳಿ ತಿಳಿಯಬೇಕಾದ ಸ್ಥಿತಿ ಅದು.

ಅದೇ ವರ್ಷದ ಏಪ್ರಿಲ್‌ನಲ್ಲಿ ಹಳ್ಳಿಗಳ ವಸತಿ ಪ್ರದೇಶ ಅಳೆಯುವ ಸ್ವಾಮಿತ್ವ ಯೋಜನೆ ಶುರುವಾಯಿತು. ಮೊದಲ ಹಂತದ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಕರ್ನಾಟಕವೂ ಇದ್ದವು. 2021ರ ಜೂನ್‌ನಲ್ಲಿ ಬೆಂಗಳೂರಿನ ಥ್ರಾಟಲ್ ಏರೋಸ್ಪೇಸ್ ಸಂಸ್ಥೆ ಗೌರಿಬಿದನೂರಿನಲ್ಲಿ ಕಣ್ಣಳತೆ ಮೀರಿದ ಹಾರಾಟದಲ್ಲಿ ಔಷಧ ಸಾಗಿಸುವ ಪ್ರಯೋಗ ನಡೆಸಿತು. ಸರ್ಕಾರವೇ ಗಿರಾಕಿಯಾಗಿ, ಕಂಪನಿಗಳು ಬಾಗಿಲಲ್ಲಿ ನಿಂತಿರುವಾಗ ಹಳೆಯ ಬಿಗಿ ನಡೆಯುವಂತಿರಲಿಲ್ಲ. 2021ರ ಮಾರ್ಚ್‌ನ ನಿಯಮಗಳಲ್ಲಿ 25 ಅರ್ಜಿ ನಮೂನೆ, 72 ಬಗೆಯ ಶುಲ್ಕಗಳಿದ್ದವು. ಅದೇ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮಗಳಲ್ಲಿ ನಮೂನೆ ಐದಕ್ಕೆ, ಶುಲ್ಕ ನಾಲ್ಕಕ್ಕೆ ಇಳಿದವು. ನಡುವೆ, ಜೂನ್ 27ರಂದು, ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್ ದಾಳಿ ನಡೆದಿತ್ತು. ಆದರೂ ಸರ್ಕಾರ ಹಿಂದೆ ಸರಿಯಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ನಿಗಡಿಯ ಮಟ್ಟಿಗೆ ಆ ಬದಲಾವಣೆಯನ್ನು ಕಿಲೋಮೀಟರಿನಲ್ಲೇ ಅಳೆಯಬಹುದು. ವಿಮಾನ ನಿಲ್ದಾಣದ ಸುತ್ತಲಿನ ಹಳದಿ ವಲಯ 45 ಕಿಲೋಮೀಟರಿನಿಂದ 12ಕ್ಕೆ ಇಳಿಯಿತು. ಲೋಹಗಾಂವ್ ನಿಲ್ದಾಣದಿಂದ ನಿಗಡಿ ನೇರ ದೂರದಲ್ಲಿ 12 ಕಿಲೋಮೀಟರಿಗಿಂತ ಆಚೆಗಿದೆ. ಈ ಒಂದು ಅಳತೆಯ ಮಟ್ಟಿಗೆ ಊರು ಹೊರಗೆ ಬಂತು. ಡಿಪೊ ಮಾತ್ರ ಇದ್ದಲ್ಲೇ ಇತ್ತು.

ಇನ್ನೂ ದೊಡ್ಡ ಬದಲಾವಣೆ ಎಂದರೆ, ನಿಯಮ ಹಾರಿಸುವವರನ್ನೂ ನೋಡತೊಡಗಿತು. 2 ಕಿಲೋವರೆಗಿನ ಡ್ರೋನನ್ನು ಸಂಪಾದನೆಗಲ್ಲದೆ ಹಾರಿಸುವವರಿಗೆ ಪೈಲಟ್ ಪರವಾನಗಿ ಬೇಡವಾಯಿತು. ಕಲಿಕೆಗೆ, ಹವ್ಯಾಸಕ್ಕೆ ಕಣ್ಣಳತೆಯಲ್ಲಿ ಹಾರಿಸುವ ಮಾದರಿ ವಿಮಾನಕ್ಕೆ ಟೈಪ್ ಸರ್ಟಿಫಿಕೇಟ್ ಬೇಡವಾಯಿತು. 2022ರ ಫೆಬ್ರುವರಿ 9ರಂದು ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಿದಾಗಲೂ ಬಿಡಿಭಾಗಗಳಿಗೆ ದಾರಿ ತೆರೆದಿತ್ತು. ಮೇಜಿನ ಮೇಲೆ ತಾನೇ ಬೆಸುಗೆ ಹಾಕಿ ಡ್ರೋನ್ ಕಟ್ಟುವ ವಿದ್ಯಾರ್ಥಿಗೆ ಉಳಿದ ಕಿಂಡಿ ಅದೇ.

2025ರ ಸೆಪ್ಟೆಂಬರ್‌ನಲ್ಲಿ ಸಚಿವಾಲಯ ಜನರ ಅಭಿಪ್ರಾಯಕ್ಕೆ ಇಟ್ಟ ನಾಗರಿಕ ಡ್ರೋನ್ ಕರಡು ಮಸೂದೆ ಈ ಕಿಂಡಿಯ ಮುಂದೆ ನಿಂತಿದೆ. ನೋಂದಣಿ, ಟೈಪ್ ಸರ್ಟಿಫಿಕೇಟ್, ವಿಮೆ ಕಡ್ಡಾಯ. ಉಲ್ಲಂಘನೆಗೆ ಜೈಲು ಶಿಕ್ಷೆಯೂ ಉಂಟು, ಪೊಲೀಸರಿಗೆ ಜಪ್ತಿಯ ಅಧಿಕಾರವೂ ಉಂಟು. 2021ರ ನಿಯಮಗಳಲ್ಲಿ ದಂಡದ ಮಿತಿ 1 ಲಕ್ಷ ರೂಪಾಯಿ ಇತ್ತು.

ಸಮೀಕ್ಷೆ ಮಾಡುವ ಕಂಪನಿಗೆ ಇದು ಖರ್ಚಿನ ಬಾಬತ್ತು. ಪ್ರಮಾಣಪತ್ರವಿರುವ ಯಂತ್ರ ಕೊಳ್ಳುತ್ತದೆ, ವಿಮೆಯ ಕಂತನ್ನು ಬಿಲ್ಲಿಗೆ ಸೇರಿಸುತ್ತದೆ. ಅಪಘಾತವಾದರೆ ಗಾಯಗೊಂಡವರಿಗೂ ಪರಿಹಾರದ ದಾರಿ ಇರುತ್ತದೆ, ಅದು ಒಳ್ಳೆಯದೇ. ಆದರೆ ಟೈಪ್ ಸರ್ಟಿಫಿಕೇಟ್ ಎನ್ನುವುದು ಮಾರಾಟಕ್ಕೆ ತಯಾರಾಗುವ ಮಾದರಿಗೆ ಹೊಲಿದ ಅಂಗಿ. ಜಗತ್ತಿನಲ್ಲಿ ಒಂದೇ ಒಂದು ಇರುವ, ಹಾಸ್ಟೆಲ್ ಕೋಣೆಯಲ್ಲಿ ಹುಟ್ಟಿದ ಯಂತ್ರಕ್ಕೆ ಅದು ಹೊಂದುವುದಿಲ್ಲ. ಹಳೆಯ ವಿನಾಯಿತಿಗಳು ಹೊಸ ಕಾನೂನಿನಲ್ಲಿ ಸ್ಪಷ್ಟವಾಗಿ ಉಳಿಯದಿದ್ದರೆ, ಅದನ್ನು ಹಾರಿಸುವವನು ಆರೋಪಿ.

ಮದ್ದುಗುಂಡು ಡಿಪೊದ ಪಕ್ಕದಲ್ಲಿ ಬದುಕುವವರಿಗೆ ಗೆರೆ ಏಕೆ ಬೇಕು ಎಂದು ಯಾರೂ ಪಾಠ ಹೇಳಬೇಕಿಲ್ಲ. ಆದರೆ ಹನ್ನೊಂದು ವರ್ಷಗಳ ಈ ಚರಿತ್ರೆ ಹೇಳುವುದೂ ಒಂದಿದೆ. ಸಣ್ಣವರು ಪಾಲಿಸಲಾಗದ ನಿಯಮ ಬಂದಾಗ ಡ್ರೋನ್‌ಗಳು ಕಡಿಮೆಯಾಗಲಿಲ್ಲ, ಲೆಕ್ಕ ತಪ್ಪಿತು. ಲೆಕ್ಕಕ್ಕೆ ಸಿಗದ ಯಂತ್ರವೇ ಡಿಪೊಗೆ ಹೆಚ್ಚು ಅಪಾಯಕಾರಿ. ಹವ್ಯಾಸಿಗೆ ಸುಲಭವಾಗಿ ಹೆಸರು ಬರೆಸುವ ದಾರಿ ಇಟ್ಟರೆ ಅದು ಅವನಿಗೆ ತೋರಿಸುವ ದಾಕ್ಷಿಣ್ಯವಲ್ಲ, ಗೆರೆಯನ್ನು ಕಾಯುವ ಉಪಾಯ.